ಎಲ್ಲಕ್ಕೂ ‘ಮಂತ್ರಮುಗ್ಧ’ವೇ?

ಮಾನ್ಯ ಸಂಪಾದಕರೇ,

ಸಂಗೀತ ಕಛೇರಿಯಾಗಲಿ, ನೃತ್ಯವಾಗಲಿ, ಭಾಷಣವಾಗಲಿ, ಅದರ ವರದಿಯಲ್ಲಿ ‘ಸಭಿಕರನ್ನು ಮಂತ್ರಮುಗ್ಧಗೊಳಿಸಿದರು’ ಎಂಬ ವಾಕ್ಯ ಬರುವುದು ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಹಲವು ವರ್ಷ ಕನ್ನಡ ಪಾಠ ಹೇಳಿದ ನನಗೆ ಈ ಪದದ ಮೇಲೆ ಪ್ರೀತಿಯಿದೆ. ಅದು ದಿನಬಳಕೆಯಲ್ಲಿ ಸವೆದುಹೋಗುತ್ತಿರುವುದು ನೋವಿನ ಸಂಗತಿಯಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು, ‘ಮುಗ್ಧ ಎಂದರೆ ಕಪಟವರಿಯದವನು ಎಂದಾದರೆ, ಮಂತ್ರಮುಗ್ಧ ಎಂದರೆ ಮಂತ್ರವರಿಯದವನೇ?’ ಎಂದು ಕೇಳಿದ್ದಳು. ಪ್ರಶ್ನೆ ಸಹಜವಾದದ್ದೇ, ಏಕೆಂದರೆ ಕನ್ನಡದಲ್ಲಿ ಬಿಡಿಯಾಗಿ ನಿಂತ ‘ಮುಗ್ಧ’ ತನ್ನ ಹಳೆಯ ಅರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಸಂಸ್ಕೃತದ ‘ಮುಹ್’ ಧಾತುವಿಗೆ ಬುದ್ಧಿ ಮಂಕಾಗು, ದಿಕ್ಕು ತೋಚದಂತಾಗು ಎಂಬ ಅರ್ಥವಿದೆ. ದಾಹಕ್ಕೆ ದಗ್ಧ, ಸ್ನೇಹಕ್ಕೆ ಸ್ನಿಗ್ಧ ಇರುವಂತೆ ಮೋಹಕ್ಕೆ ಮುಗ್ಧ. ಅದೇ ಧಾತುವಿಗೆ ಅದೇ ಪ್ರತ್ಯಯ ಸೇರಿದಾಗ ಮುಗ್ಧ, ಮೂಢ ಎಂಬ ಎರಡು ರೂಪಗಳೂ ಸಿದ್ಧಿಸುತ್ತವೆಂದು ಪಾಣಿನಿಯ ವ್ಯಾಕರಣವೇ ವಿಕಲ್ಪ ಹೇಳುತ್ತದೆ. ನಾವಿಂದು ಒಂದನ್ನು ಮೆಚ್ಚುಗೆಗೂ ಇನ್ನೊಂದನ್ನು ನಿಂದೆಗೂ ಇಟ್ಟುಕೊಂಡಿದ್ದೇವೆ. ಹುಟ್ಟಿನಲ್ಲಿ ಅವು ಒಡಹುಟ್ಟುಗಳು. ತಿಳಿವು ಮಸುಕಾದವನು ಎಂಬುದರಿಂದ ತಿಳಿವು ಇನ್ನೂ ಬಲಿಯದವನು, ಅಲ್ಲಿಂದ ಕಪಟವಿಲ್ಲದ ಎಳೆಯ ಮನಸ್ಸಿನವನು ಎಂದು ಅರ್ಥ ಹರಿದು ಬಂದಿದೆ. ಅಲಂಕಾರಶಾಸ್ತ್ರವು ನಾಯಿಕೆಯರನ್ನು ಮುಗ್ಧಾ (ಎಳೆಯಳು), ಮಧ್ಯಾ (ನಡುವಿನವಳು), ಪ್ರಗಲ್ಭಾ (ಪಳಗಿದವಳು) ಎಂದು ವಿಂಗಡಿಸುವಾಗ ಇರುವುದು ಈ ಅರ್ಥವೇ. ಹಿಂದಿ ಮತ್ತು ಬಂಗಾಳಿಗಳಲ್ಲಿ ‘ಮುಗ್ಧ’ ಒಂದೇ ನಿಂತರೂ ಮನಸೋತವನೆಂದು ಅರ್ಥವಾಗುತ್ತದೆ. ಕನ್ನಡದಲ್ಲಿ ಆ ಅರ್ಥ ಉಳಿದುಕೊಂಡಿರುವುದು ಮುಖ್ಯವಾಗಿ ‘ಮಂತ್ರಮುಗ್ಧ’ ಎಂಬ ಈ ಸಮಾಸದಲ್ಲಿ. ಮಂತ್ರದಿಂದ ಮುಗ್ಧನಾದವನು, ಅಂದರೆ ಮಂತ್ರ ಹಾಕಿದಂತೆ ತನ್ನ ಎಚ್ಚರ ತಪ್ಪಿ ನಿಂತವನು ಎಂದು ಆ ವಿದ್ಯಾರ್ಥಿನಿಗೆ ವಿವರಿಸಿದೆ.

ಇಷ್ಟು ತೀವ್ರವಾದ ಸ್ಥಿತಿಯನ್ನು ಹೇಳುವ ಪದವನ್ನು, ಕೇಳುಗರು ಮೆಚ್ಚಿ ಚಪ್ಪಾಳೆ ತಟ್ಟಿದರು ಎನ್ನಬೇಕಾದಲ್ಲೆಲ್ಲ ತಂದಿರಿಸಿದರೆ, ನಿಜವಾಗಿಯೂ ಸಭೆ ಉಸಿರು ಬಿಗಿಹಿಡಿದು ಕುಳಿತ ದಿನ ವರದಿಗಾರರ ಕೈಯಲ್ಲಿ ಪದವೇ ಉಳಿದಿರುವುದಿಲ್ಲ.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ‘ಮಂತ್ರಮುಗ್ಧಗೊಳಿಸಿದರು’ ಎಂದಾಗ ಕ್ರಿಯೆಯೆಲ್ಲ ಕಲಾವಿದರದು, ಕೇಳುಗರು ಕೇವಲ ಕರ್ಮ. ನಮ್ಮ ದೇಸಿ ಮಾತುಗಳ ಬಗೆಯೇ ಬೇರೆ. ‘ರಾಗಕ್ಕೆ ಮನಸೋತರು’, ‘ಕಂಠಕ್ಕೆ ಮಾರುಹೋದರು’, ‘ಮಾತಿಗೆ ಮರುಳಾದರು’ ಎನ್ನುವಾಗ ಸೋತವರೂ ಮಾರುಹೋದವರೂ ಕೇಳುಗರೇ. ವಾಕ್ಯದ ಕರ್ತೃಸ್ಥಾನ ಅವರದು. ಸೋಲು ಎಂಬ ಮಾತನ್ನು ಇಷ್ಟು ಸಂತೋಷದಿಂದ ಹೇಳುವ ಬಳಕೆ ‘ಮನಸೋಲು’ ಅಲ್ಲದೆ ಬೇರೆ ಯಾವುದಿದೆ? ಮಾರುಹೋಗುವುದರಲ್ಲಿ ತನ್ನನ್ನೇ ಒಪ್ಪಿಸಿಕೊಟ್ಟ ಭಾವವಿದೆ. ಮರುಳಾಗುವುದರಲ್ಲಿ ಮಾತ್ರ ಸ್ವಲ್ಪ ಎಚ್ಚರಿಕೆಯ ದನಿಯಿದೆ: ಹಳಗನ್ನಡದಲ್ಲಿ ‘ಮರುಳ್’ ಎಂದರೆ ಹುಚ್ಚೂ ಹೌದು, ಪಿಶಾಚಿಯೂ ಹೌದು. ಹಾಗಾಗಿ ಪೊಳ್ಳು ಜಾಹೀರಾತಿಗೆ ಮರುಳಾಗುತ್ತೇವೆಯೇ ಹೊರತು ಅದರಲ್ಲಿ ತಲ್ಲೀನರಾಗುವುದಿಲ್ಲ. ತಲ್ಲೀನ, ತನ್ಮಯ ಎಂಬ ಸಂಸ್ಕೃತ ಪದಗಳೂ ನಮ್ಮವೇ ಆಗಿವೆ. ಅವುಗಳಲ್ಲಿ ಎಚ್ಚರ ತಪ್ಪಿದ ಸೂಚನೆಯಿಲ್ಲ, ಗಮನವೆಲ್ಲ ಒಂದರಲ್ಲೇ ನೆಟ್ಟಿದೆ ಎಂಬುದಷ್ಟೇ ಇದೆ. ಶಾಸ್ತ್ರೀಯ ಸಂಗೀತವನ್ನು ತಾಳ ಹಾಕುತ್ತ, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ‘ಸಂಗತಿ’ಗಳನ್ನು ಗುರುತಿಸುತ್ತ ಕೇಳುವ ರಸಿಕರಿಗೆ ಈ ಪದಗಳೇ ಹೆಚ್ಚು ಒಪ್ಪುತ್ತವೆ, ಏಕೆಂದರೆ ಅವರ ಬುದ್ಧಿ ಆ ಹೊತ್ತಿನಲ್ಲಿ ಮಂಕಾಗಿರುವುದಿಲ್ಲ, ಹರಿತವಾಗಿರುತ್ತದೆ.

‘ಮಂತ್ರಮುಗ್ಧ’ವನ್ನು ಬಿಟ್ಟೇಬಿಡಿ ಎಂದು ನಾನು ಕೋರುತ್ತಿಲ್ಲ. ವರದಿ ತಿದ್ದುವವರು ಆ ಪದ ಕಂಡಾಗ, ಅಂದು ಸಭೆಯಲ್ಲಿ ನಡೆದದ್ದೇನೆಂದು ವರದಿಗಾರರನ್ನು ಒಮ್ಮೆ ಕೇಳಲಿ. ಜನ ಮೆಚ್ಚಿದರೇ, ಬೆರಗಾದರೇ, ಕಣ್ಣೀರಾದರೇ ಎಂಬುದು ತಿಳಿದರೆ ತಕ್ಕ ಪದ ತಾನಾಗಿ ದೊರೆಯುತ್ತದೆ. ಹಾಗೆಯೇ ನ್ಯಾಯಾಲಯದ ಸುದ್ದಿಗಳಲ್ಲಿ ನಿರ್ದೋಷಿ ಎನ್ನಬೇಕಾದ ಕಡೆ ‘ಮುಗ್ಧ’ ಎಂದು ಬರೆಯುವುದನ್ನೂ ತಪ್ಪಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ