ಅಪ್ಪಾ, ನಾನು ಬೋರ್ಡು ಹಿಡಿದು ನಿಂತದ್ದು ಯಾಕಂದರೆ

ಟ್ರೊಮ್ಸೊ, ನಾರ್ವೆ

ಅಪ್ಪನಿಗೂ ಅವ್ವನಿಗೂ ಶರಣು ಶರಣಾರ್ಥಿ.

ನಾನು ಆರಾಮಾಗಿದ್ದೇನೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಇದೆ, ಚಿಂತೆ ಮಾಡಬೇಡಿ.

ಹೊಸ ತೈಲ ಬಾವಿ ಬೇಡ ಅನ್ನುವ ಮೆರವಣಿಗೆಯಲ್ಲಿ ಬೋರ್ಡು ಹಿಡಿದ ನನ್ನ ಫೋಟೋ ನೋಡಿ ನಿಮಗೆ ಗಾಬರಿಯಾಯಿತು ಅಂತ ತಮ್ಮ ಹೇಳಿದ. "ಓದಲಿಕ್ಕೆ ಹೋದವಳಿಗೆ ಪರದೇಶದಲ್ಲಿ ಹೋರಾಟ ಯಾಕೆ? ನಮ್ಮ ಟ್ರ್ಯಾಕ್ಟರ್ ಓಡೋದೂ ಡೀಸೆಲ್ ಮೇಲೇ ಅಲ್ವಾ?" ಅಂದಿರಂತೆ. ಫೋನಿನಲ್ಲಿ ಈ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೊಲೀಸರಿಗೆ ಮೊದಲೇ ತಿಳಿಸಿ ಸೇರಿದ್ದೆವು, ಯಾವ ಗಲಾಟೆಯೂ ಆಗಲಿಲ್ಲ.

ಟ್ರ್ಯಾಕ್ಟರ್ ಮಾತು ನಿಜ. ಈಗಿರುವ ತೈಲ ಬಾವಿಗಳನ್ನು ನಾಳೆಯೇ ಮುಚ್ಚಿ ಅಂತ ನಾವು ಕೇಳುತ್ತಿಲ್ಲ. ಹೊಸದು ಕೊರೆಯಬೇಡಿ ಅನ್ನುತ್ತಿದ್ದೇವೆ. ಇಲ್ಲಿಂದ ಉತ್ತರಕ್ಕೆ ಬ್ಯಾರೆಂಟ್ಸ್ ಸಮುದ್ರದಲ್ಲಿ ಯೋಹಾನ್ ಕಾಸ್ಟ್‌ಬರ್ಗ್ ಅನ್ನುವ ಜಾಗದಲ್ಲಿ 2025ರ ಮಾರ್ಚ್‌ನಲ್ಲಿ ತೈಲ ತೆಗೆಯಲು ಶುರು ಮಾಡಿದರು. 30 ವರ್ಷ ತೆಗೆಯುವ ಲೆಕ್ಕವಂತೆ. ಆದರೆ 2050ರ ಹೊತ್ತಿಗೆ ಇಂಗಾಲದ ಹೊಗೆಯನ್ನು ನಿವ್ವಳ ಸೊನ್ನೆಗೆ ಇಳಿಸುವ ಹವಾಮಾನ ಗುರಿ ಮುಟ್ಟಬೇಕಾದರೆ, ಆಗಲೇ ಮಂಜೂರಾದದ್ದು ಬಿಟ್ಟು ಹೊಸ ತೈಲ ಕ್ಷೇತ್ರ ಬೇಕಿಲ್ಲ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯೇ 2021ರಲ್ಲಿ ಹೇಳಿದೆ. ಇಷ್ಟೊಂದು ದುಡ್ಡು ಸುರಿದವರು ನಡುವೆ ಕೈಬಿಟ್ಟು ಹೋಗುತ್ತಾರಾ, ನೀವೇ ಹೇಳಿ.

ಈ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಬ್ಯಾಟರಿಯವು. ತೈಲ ಮಾತ್ರ ಹೊರಗೆ ಮಾರುತ್ತಾರೆ. ಅದನ್ನು ಸುಟ್ಟ ಹೊಗೆ, ಕೊಂಡ ದೇಶದ ಲೆಕ್ಕಕ್ಕೆ ಹೋಗುತ್ತದೆ, ಬಿಸಿ ಎಲ್ಲರ ತಲೆ ಮೇಲೆ. ಇದು ನನಗೆ ಸರಿ ಕಾಣುವುದಿಲ್ಲ.

ಉತ್ತರ ಧ್ರುವದ ಸುತ್ತಲಿನ ಈ ಸೀಮೆ 1979ರಿಂದ ಈಚೆಗೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬಿಸಿಯಾಗಿದೆ. ಬರೀ ಹಿಮ ಬೀಳಬೇಕಾದ ಚಳಿಗಾಲದಲ್ಲಿ ಮಳೆ ಬರುತ್ತದೆ. ಇಲ್ಲಿನ ಸಾಮಿ ಜನ ಹಿಮಸಾರಂಗ ಸಾಕುತ್ತಾರೆ. ಹಿಮ ಎಷ್ಟೇ ಬಿದ್ದರೂ ಅವು ವಾಸನೆ ಹಿಡಿದು, ಗೊರಸಿನಿಂದ ಕೆದರಿ, ಕೆಳಗಿನ ಕಲ್ಲುಹೂವು ತಿನ್ನುತ್ತವೆ. ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ನೆಲದ ಮೇಲೆ ಗಟ್ಟಿ ಮಂಜುಗಡ್ಡೆ ಕೂರುತ್ತದೆ. ಕಣಕಿ ಬಣವೆಗೆ ಬೀಗ ಜಡಿದ ಹಾಗೆ. ಮೇವು ಕಾಲ ಕೆಳಗೇ ಇದ್ದರೂ ದನ ಉಪವಾಸ. ಆಗ ಅವರು ಮೇವು ಕೊಂಡು ತಂದು ಹಾಕಬೇಕು. ಬರದ ವರ್ಷ ಮೇವು ಕೊಳ್ಳುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ?

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಇನ್ನೂ ಉತ್ತರಕ್ಕೆ ಸ್ವಾಲ್ಬಾರ್ಡ್ ಅಂತ ದ್ವೀಪಗಳಿವೆ. ಅಲ್ಲಿ ಬೆಟ್ಟದೊಳಗೆ ಜಗತ್ತಿನ ಬೀಜ ಕಾಪಿಡುವ ಉಗ್ರಾಣ ಇದೆ, 2008ರಲ್ಲಿ ತೆರೆದದ್ದು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಬೆಳೆ ಸಂಶೋಧನಾ ಸಂಸ್ಥೆಯವರು ತೊಗರಿ, ಜೋಳ, ಕಡಲೆ, ಶೇಂಗಾ ಬೀಜಗಳನ್ನು ಅಲ್ಲಿಗೆ ಕಳಿಸಿದ್ದಾರೆ. ನಮ್ಮ ಹೊಲದಲ್ಲಿ ಬೆಳೆಯುವುದೆಲ್ಲ ಅಲ್ಲಿ ಮೈನಸ್ 18 ಡಿಗ್ರಿಯಲ್ಲಿ ಕೂತಿದೆ! 2016ರಲ್ಲಿ ಆ ಉಗ್ರಾಣದ ಸುರಂಗದ ಬಾಯಿಗೇ ನೀರು ನುಗ್ಗಿತು. ಬೀಜಕ್ಕೆ ಏನೂ ಆಗಲಿಲ್ಲ. ಆದರೂ, ಎಂದೂ ಕರಗದ ನೆಲ ಅಂತ ನಂಬಿ ಆರಿಸಿದ ಜಾಗ ಅದು.

2020ರ ಅಕ್ಟೋಬರ್ ನೆನಪಿದೆಯಲ್ಲ? ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರು, ಭೀಮಾ ಉಕ್ಕಿ ಅಫಜಲಪುರದ ಕಡೆ ನಿಂತ ತೊಗರಿಯೆಲ್ಲ ಕೊಳೆಯಿತು. ಆ ಒಂದು ಮಳೆಯನ್ನು ಪೂರ್ತಿ ತೈಲದ ತಲೆಗೆ ಕಟ್ಟಲಾರೆ. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಇಲ್ಲಿ ಕೊರೆದದ್ದು ನಮ್ಮ ಹೊಲಕ್ಕೂ ಬರುತ್ತದೆ ಅಂತ ಗೊತ್ತಾದ ಮೇಲೆ, ಪರದೇಶದ ಜಗಳ ಅಂತ ಸುಮ್ನೆ ಕೂರಲು ನನಗಾಗುವುದಿಲ್ಲ.

ಗ್ರೀನ್‌ಲ್ಯಾಂಡ್ 2021ರಲ್ಲಿ ತೈಲ ಹುಡುಕಲು ಹೊಸ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಅಷ್ಟು ಕಡಿಮೆ ಜನರ ನಾಡಿಗೆ ಆದದ್ದು ಇಷ್ಟು ಸಿರಿವಂತರಿಗೆ ಯಾಕಾಗಬಾರದು?

ಹೊಸ ಪರವಾನಗಿ ಕೊಡುವ ಮೊದಲು ಇಲ್ಲಿನ ಸರ್ಕಾರ ಜನರ ಅಭಿಪ್ರಾಯ ಕೇಳುತ್ತದೆ. ಈ ಸಲ ನಾನೂ ಬರೆದು ಕೊಡುತ್ತೇನೆ. ಅದಕ್ಕೆ ನಿಮ್ಮ ಸಹಾಯ ಬೇಕು, ಅಪ್ಪಾ. ಆ ಅಕ್ಟೋಬರ್‌ನಲ್ಲಿ ನಮ್ಮ ಹೊಲದಲ್ಲಿ ನೀರು ಎಷ್ಟು ದಿನ ನಿಂತಿತ್ತು, ಎಷ್ಟು ಚೀಲ ತೊಗರಿ ಹೋಯಿತು, ಬೀಜ ಗೊಬ್ಬರದ ಸಾಲ ಎಷ್ಟು ಉಳಿಯಿತು, ಎಲ್ಲ ನಿಮ್ಮ ಬಾಯಲ್ಲೇ ಹೇಳಿ ವಾಟ್ಸಾಪ್‌ನಲ್ಲಿ ಕಳಿಸಿ. ತಮ್ಮನಿಗೆ ಹೇಳಿದರೆ ರೆಕಾರ್ಡ್ ಮಾಡಿಕೊಡುತ್ತಾನೆ.

ನಿಮ್ಮ ಮಗಳು