ಮಳೆಗಾಲಕ್ಕೆ ಮುಂಚೆ ರಸ್ತೆ ಬದಿಗೆ ಕಲ್ಲು ನೆಡಿ, ಇಂಟರ್‌ಲಾಕ್ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಶಿವಮೊಗ್ಗದ ಹಳೇ ಬಡಾವಣೆಗಳ ಒಳರಸ್ತೆಗಳಲ್ಲಿ ಟಾರಿಗೂ ಕಾಂಪೌಂಡಿಗೂ ನಡುವೆ ನಾಲ್ಕೈದು ಅಡಿ ಮಣ್ಣಿನ ಜಾಗ ಇನ್ನೂ ಅಲ್ಲಲ್ಲಿ ಉಳಿದಿದೆ. ಒಂದೆರಡು ಹೊಂಗೆ ಮರ, ಕೆಳಗೆ ಗರಿಕೆ. ಚೌತಿ ಬಂದರೆ ಅಕ್ಕಪಕ್ಕದವರು ಇಲ್ಲೇ ಗರಿಕೆ ಕಿತ್ತುಕೊಂಡು ಹೋಗುತ್ತಾರೆ. ಈ ಜಾಗಕ್ಕೆ ಕಾರು ಹತ್ತಿಸಿ ನಿಲ್ಲಿಸುವುದು ಈಗ ಎಲ್ಲರಿಗೂ ಅಭ್ಯಾಸ ಆಗಿಬಿಟ್ಟಿದೆ. ಅದನ್ನು ನಿಲ್ಲಿಸಲು ದೊಡ್ಡ ಯೋಜನೆ ಏನೂ ಬೇಡ, ಸಾಲಾಗಿ ನೆಟ್ಟ ಕಲ್ಲು ಸಾಕು ಅಂತ ಹೇಳೋದಕ್ಕೇ ಈ ಪತ್ರ.

"ಹುಲ್ಲು ತಾನೇ, ಮತ್ತೆ ಚಿಗುರುತ್ತೆ ಬಿಡಿ" ಅನ್ನುವವರು ಜಾಸ್ತಿ. ಹುಲ್ಲು ಚಿಗುರುತ್ತದೆ ನಿಜ, ಆದರೆ ಮಣ್ಣು ಮೊದಲಿನ ಹಾಗೆ ಆಗುವುದಿಲ್ಲ. ಆಲ್ಟೋದಂಥ ಚಿಕ್ಕ ಕಾರೇ ಸುಮಾರು 750 ಕೆಜಿ ಇರುತ್ತದೆ, ಇನ್ನೋವಾ 1,700 ಕೆಜಿಯ ಆಸುಪಾಸು. ಈ ಭಾರವೆಲ್ಲ ನಾಲ್ಕು ಟೈರಿನ ಕೆಳಗಿನ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿಗೆ, ನೀರಿಗೆ ಇರುವ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಅದರಲ್ಲೂ ಮಣ್ಣು ಒದ್ದೆ ಇದ್ದಾಗ ನಾಲ್ಕು ಸಲ ಕಾರು ಹತ್ತಿಳಿದರೂ ಸಾಕು, ಹಾಳಾಗಬೇಕಾದ್ದರಲ್ಲಿ ಬಹುಪಾಲು ಹಾಳಾಗಿರುತ್ತದೆ. ನಮ್ಮ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಒಣಗುವುದು ಯಾವಾಗ ಹೇಳಿ?

ಮರಕ್ಕೂ ಇದೇ ಕಥೆ. ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳು ಆಳದಲ್ಲಿ ಇರುವುದಿಲ್ಲ. ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ. ನಮ್ಮ ಬೀದಿ ತಿರುವಿನ ಹೊಂಗೆ ಮರದ ಬುಡ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಒಂದು ಬದಿ ಬೇರಿನ ಸಿಪ್ಪೆ ಟೈರು ಉಜ್ಜಿ ಉಜ್ಜಿ ಸುಲಿದು ಒಳಗಿನ ಬಿಳಿ ಕಾಣುತ್ತಿದೆ, ಪಕ್ಕದಲ್ಲೇ ಗೇಣುದ್ದ ಆಳದ ಎರಡು ಗಾಡಿಜಾಡು, ಮಳೆ ನಿಂತು ಎಷ್ಟೋ ದಿನ ಆದರೂ ಅದರಲ್ಲಿ ಕೆಂಪು ನೀರು ಇಂಗದೆ ನಿಂತಿರುತ್ತದೆ, ನೀರಿನೊಳಗೆ ಸೊಳ್ಳೆ ಮರಿ. ಆ ಬದಿಯ ಕೊಂಬೆಗಳೂ ಒಣಗುತ್ತಾ ಬಂದಿವೆ. ಅಂಥ ಮರ ಗಾಳಿಮಳೆಗೆ ಬಿದ್ದರೆ "ಹಳೇ ಮರ, ಬಿತ್ತು" ಅಂತ ಹೇಳಿ ಮುಗಿಸುತ್ತೇವೆ.

ಇಂಗದ ನೀರು ಎಲ್ಲಿಗೆ ಹೋಗಬೇಕು? ಮಣ್ಣು ಸಮೇತ ಟಾರಿಗೆ ಇಳಿಯುತ್ತದೆ, ಅಲ್ಲಿಂದ ಚರಂಡಿಗೆ, ಚರಂಡಿ ಹೂಳು ತುಂಬಿ ಮತ್ತೆ ರಸ್ತೆಗೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ಅಷ್ಟು ದೊಡ್ಡ ನೀರನ್ನು ರಸ್ತೆ ಬದಿಯ ಹುಲ್ಲು ತಡೆಯುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಗಂಟೆ ಜೋರು ಮಳೆ ಬಂದರೆ ಬೀದಿ ತುಂಬಾ ಕೆಸರು ನಿಲ್ಲುತ್ತದಲ್ಲ, ಅದಕ್ಕೆ ಇದು ಖಂಡಿತ ಒಂದು ಕಾರಣ. ಆ ಕೆಸರು ದಾಟಲಾಗದೆ ಶಾಲೆ ಮಕ್ಕಳು ಕೊಡೆ ಹಿಡಿದುಕೊಂಡು ರಸ್ತೆ ಮಧ್ಯೆ ನಡೆಯುತ್ತಾರೆ, ಹಿಂದಿನಿಂದ ಬಸ್ಸು ಹಾರ್ನ್ ಮಾಡುತ್ತದೆ. ಪಾದಚಾರಿಗಳಿಗೆ ನಡೆಯಲು ಜಾಗ ಸಿಗುವುದು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಅಂತ ಸುಪ್ರೀಂ ಕೋರ್ಟೇ 2025ರ ಮೇ ತಿಂಗಳಲ್ಲಿ ಹೇಳಿದೆ.

ಈಗ ನನಗೆ ಜಾಸ್ತಿ ಭಯ ಇರುವ ವಿಷಯಕ್ಕೆ ಬರುತ್ತೇನೆ. ಕೆಸರಾಗಿದೆ ಅಂತ ದೂರು ಕೊಟ್ಟರೆ ಸಿಗುವ ಪರಿಹಾರ ಒಂದೇ, ಜಾಗಕ್ಕೆ ಪೂರ್ತಿ ಇಂಟರ್‌ಲಾಕ್ ಅಥವಾ ಕಾಂಕ್ರೀಟ್ ಹಾಕುವುದು, ಅದೂ ಮರದ ಬುಡಕ್ಕೆ ತಾಗುವ ಹಾಗೆ. ಕೆಸರು ಹೋಗುತ್ತದೆ ಸರಿ, ಕಾರಿಗೆ ಇನ್ನೂ ಅನುಕೂಲದ ಜಾಗ ಮಾಡಿಕೊಟ್ಟ ಹಾಗಾಗುತ್ತದೆ. ನಡೆಯುವವರಿಗೆ ಜಾಗ ಮತ್ತೆ ಇಲ್ಲ. ಮರ ಕೆಲವೇ ವರ್ಷದಲ್ಲಿ ಸೊರಗುತ್ತದೆ. ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಇರಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶ ಕೊಟ್ಟಿತ್ತು. ಮಲೆನಾಡಿನ ಹೆಬ್ಬಾಗಿಲು ಅಂತ ಕರೆಸಿಕೊಳ್ಳುವ ಊರು ಅಷ್ಟಾದರೂ ಮಾಡಬೇಕಲ್ವಾ.

ಬೋರ್ಡ್ ಹಾಕಿ ಪ್ರಯೋಜನ ಇಲ್ಲ. ದಿನಾ ಬಂದು ದಂಡ ಹಾಕುವಷ್ಟು ಸಂಚಾರ ಪೊಲೀಸರೂ ನಮ್ಮಲ್ಲಿಲ್ಲ. ಕಲ್ಲಾದರೆ ಹಗಲೂ ರಾತ್ರಿ ಅಲ್ಲೇ ಇರುತ್ತದೆ. ತೋಟದ ಬೇಲಿಗೆ ನೆಡುವ ಕಲ್ಲುಕಂಬ ಇದೆಯಲ್ಲ, ಮುರಿದದ್ದಾದರೂ ಪರವಾಗಿಲ್ಲ, ಮೂರಡಿ ತುಂಡು ಮಾಡಿ ಒಂದೂವರೆ ಅಡಿ ಹೂತರೆ ಆಯಿತು. ಜಂಬಿಟ್ಟಿಗೆ ಬೇಡ, ಬಂಪರ್ ತಾಗಿದರೆ ಉದುರುತ್ತದೆ. ಕಲ್ಲಿಂದ ಕಲ್ಲಿಗೆ ನಾಲ್ಕಡಿ ಬಿಡಬೇಕು. ಆಲ್ಟೋ ಅಗಲವೇ ಐದಡಿ ಹತ್ತಿರ ಇರುವುದರಿಂದ ಕಾರು ನುಗ್ಗುವುದಿಲ್ಲ, ಆದರೆ ಗಾಲಿಕುರ್ಚಿ, ತರಕಾರಿ ಬುಟ್ಟಿಯವರು, ದನ ಎಲ್ಲ ಸಲೀಸಾಗಿ ಓಡಾಡಬಹುದು. ಟಾರಿನ ಅಂಚಿನಿಂದ ಒಂದೂವರೆ ಅಡಿ ಒಳಗೆ ನೆಟ್ಟು, ತಲೆಗೆ ಬಿಳಿ ಬಣ್ಣ ಬಳಿದು ರಿಫ್ಲೆಕ್ಟರ್ ಅಂಟಿಸಬೇಕು, ಇಲ್ಲದಿದ್ದರೆ ಮಳೆ ರಾತ್ರಿಯಲ್ಲಿ ಬೈಕಿನವರು ಬಿದ್ದಾರು. ಮರದ ಬುಡದಿಂದ ಮೂರಡಿ ದೂರ ಇರಲಿ, ಗುಂಡಿ ತೆಗೆಯುವಾಗ ಬೇರು ಕಡಿಯಬಾರದು.

ಇದೆಲ್ಲ ಊರೊಳಗಿನ ನಿಧಾನದ ರಸ್ತೆಗಳಿಗೆ ಮಾತ್ರ. ಸಾಗರ ರಸ್ತೆ, ತೀರ್ಥಹಳ್ಳಿ ರಸ್ತೆಯಂಥ ಹೆದ್ದಾರಿ ಬದಿಗೆ ಕಲ್ಲು ನೆಟ್ಟರೆ ಜೀವಕ್ಕೇ ಅಪಾಯ, ಕೆಟ್ಟು ನಿಂತ ಲಾರಿಗೆ ಪಕ್ಕಕ್ಕೆ ಸರಿಯಲು ಜಾಗವೂ ಬೇಕು.

"ನಮ್ಮ ಮನೆ ಮುಂದಿನ ಜಾಗ, ನಮ್ಮ ಕಾರು, ನಿಮಗೇನು?" ಅಂತ ಕೇಳುವವರಿದ್ದಾರೆ. ಆ ಜಾಗ ಮನೆಯವರದ್ದಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಪ್ರಕಾರ ಸಾರ್ವಜನಿಕ ರಸ್ತೆ ಅಂದರೆ ಟಾರು ಮಾತ್ರ ಅಲ್ಲ, ಎರಡೂ ಬದಿಯಲ್ಲಿ ಪಕ್ಕದ ಆಸ್ತಿಯ ಗಡಿವರೆಗಿನ ಜಾಗವೂ ಸೇರುತ್ತದೆ. ನನ್ನ ಹತ್ತಿರವೂ ಕಾರಿದೆ, ಅದು ಗೇಟಿನ ಒಳಗೆ ನಿಲ್ಲುತ್ತದೆ. ಒಳಗೆ ಜಾಗ ಇಲ್ಲದವರು ಟಾರಿನ ಮೇಲೆಯೇ ಒಂದು ಬದಿಗೆ ನಿಲ್ಲಿಸಲಿ, ದಿನ ಬಿಟ್ಟು ದಿನ ಬದಿ ಬದಲಾಯಿಸುವ ಪದ್ಧತಿ ಎಷ್ಟೋ ಊರುಗಳಲ್ಲಿ ಇದ್ದೇ ಇದೆ. ರಸ್ತೆ ಸ್ವಲ್ಪ ಇಕ್ಕಟ್ಟಾದರೆ ಗಾಡಿಗಳ ವೇಗವೂ ಕಡಿಮೆಯಾಗುತ್ತದೆ. ಕಲ್ಯಾಣ ಮಂಟಪದವರು ಮಾತ್ರ ಮದುವೆ ದಿನ ಬರುವ ಕಾರುಗಳಿಗೆ ತಾವೇ ಜಾಗ ತೋರಿಸಬೇಕು, ಬಾಡಿಗೆ ತೆಗೆದುಕೊಳ್ಳುವವರು ಅವರು ತಾನೇ.

ಮಹಾನಗರ ಪಾಲಿಕೆಯನ್ನು ಕೇಳುವುದು ಇಷ್ಟು. ಜೂನ್‌ಗೆ ಮುಂಚೆ ಒಂದೇ ಒಂದು ಬೀದಿಯಲ್ಲಿ ಇದನ್ನು ಮಾಡಿ ನೋಡಿ. ನಮ್ಮ ಬೀದಿಯವರು ಕಲ್ಲು ಕೊಡಲು, ಗುಂಡಿ ತೆಗೆಯಲು ತಯಾರಿದ್ದೇವೆ. ಅನುಮತಿ ಕೊಟ್ಟು, ನೀರಿನ ಪೈಪು, ಕೇಬಲ್ ಎಲ್ಲಿ ಹೋಗಿದೆ ಅಂತ ಗುರುತು ಹಾಕಿಕೊಡಲು ಒಬ್ಬರನ್ನು ಕಳಿಸಿ. ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.

– ಓದುಗ, ವಿನೋಬನಗರ, ಶಿವಮೊಗ್ಗ