ಬೇಸ್‌ನಲ್ಲಿ ಯಾವ ಸ್ಕ್ರಿಪ್ಟಿಂಗ್ ಭಾಷೆ ಇರ್ಬೇಕು?

ಎಲ್ರಿಗೂ ನಮಸ್ಕಾರ, ನಮ್ಮ ಲಿನಕ್ಸ್ ಡಿಸ್ಟ್ರೋದ ಬೇಸ್ ಲಿಸ್ಟ್ (ಎಲ್ಲಾ ಸಿಸ್ಟಮ್‌ನಲ್ಲೂ ಮೊದಲಿಂದ್ಲೇ ಇರೋ ಪ್ಯಾಕೇಜ್‌ಗಳು) ಫೈನಲ್ ಮಾಡೋ ಮುಂಚೆ ದಯವಿಟ್ಟು ಇದನ್ನ ಓದಿ. ಶೆಲ್ (ಕಮಾಂಡ್ ಓಡಿಸೋ ಪ್ರೋಗ್ರಾಂ), ಆಕ್ (awk, ಟೆಕ್ಸ್ಟ್ ಸಂಸ್ಕರಿಸೋ ಸಣ್ಣ ಭಾಷೆ) ಬಗ್ಗೆ ಚರ್ಚೆನೇ ಬೇಡ, ಇರ್ಲೇಬೇಕು. ತಲೆನೋವಿರೋದು ಪರ್ಲ್, ಪೈಥಾನ್ ಹತ್ರ. ಕೇಳ್ಬೇಕಾದ್ದು ಒಂದೇ, ಆ ಭಾಷೆ ಇಲ್ದೆ ಸಿಸ್ಟಮ್ ಬೂಟ್ ಆಗಿ ಪ್ಯಾಕೇಜ್ ಇನ್‌ಸ್ಟಾಲ್ ಆಗುತ್ತಾ ಇಲ್ವಾ ಅಂತ. ಡೆಬಿಯನ್‌ನಲ್ಲಿ ಪರ್ಲ್-ಬೇಸ್ ಎಸೆನ್ಷಿಯಲ್ (ಇರ್ಲೇಬೇಕಾದ ಪ್ಯಾಕೇಜ್) ಆಗಿದೆ, ಡೆಬ್‌ಕಾನ್ಫ್ (ಪ್ಯಾಕೇಜ್ ಹಾಕುವಾಗ ಸೆಟ್ಟಿಂಗ್ ಕೇಳೋ ಟೂಲ್) ತರದ ಟೂಲ್‌ಗಳು ಅದರ ಮೇಲೇ ನಿಂತಿವೆ, ಆದ್ರೂ ಅಲ್ಲಿರೋದು ಪೂರ್ತಿ ಪರ್ಲ್ ಅಲ್ಲ, ಸಣ್ಣ ಭಾಗ ಅಷ್ಟೇ.

ಪೈಥಾನ್ ನಂಗೂ ಇಷ್ಟ ಕಣ್ರಪ್ಪ, ಆದ್ರೆ ಸಿಸ್ಟಮ್ ಟೂಲ್‌ಗಳು ಬಳಸೋ ಪೈಥಾನ್‌ಗೇ ಯೂಸರ್ ಸೂಡೋ ಪಿಪ್ (ಅಡ್ಮಿನ್ ಹಕ್ಕಲ್ಲಿ ಪೈಥಾನ್ ಲೈಬ್ರರಿ ಹಾಕೋ ಕಮಾಂಡ್) ಹೊಡೆದು ಬೇರೆ ವರ್ಷನ್ ಲೈಬ್ರರಿ ತುಂಬಿದ್ರೆ ಪ್ಯಾಕೇಜ್ ಮ್ಯಾನೇಜರ್ರೇ ಮಕಾಡೆ ಮಲಗುತ್ತೆ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಸಿಸ್ಟಮ್‌ಗೆ ಅಂತಾನೇ ಪ್ಲಾಟ್‌ಫಾರ್ಮ್-ಪೈಥಾನ್ ಬೇರೆ ಇಟ್ಟಿದ್ರು ನೋಡಿ. ಪೈಥಾನ್ 2 ಸಪೋರ್ಟ್ 2020ರ ಜನವರಿ 1ಕ್ಕೆ ನಿಂತೋಯ್ತು, ಒಂದ್ಸಲ ಬೇಸ್‌ಗೆ ಸೇರಿಸಿದ್ನ ಕೀಳೋದು ವರ್ಷಗಟ್ಲೆ ಕೆಲ್ಸ.

ನನ್ನ ಓಟು ಡ್ಯಾಶ್ (ಬ್ಯಾಷ್‌ಗಿಂತ ಸಣ್ಣ ಶೆಲ್) ಮತ್ತೆ ಆಕ್‌ಗೆ, ಪೈಥಾನ್ ರೆಪೊದಲ್ಲಿರ್ಲಿ, ಬೇಕಾದವ್ರು ಅಲ್ಲಿಂದ ಹಾಕ್ಕೊಳ್ಲಿ. ಡ್ಯಾಶ್‌ಗೆ ಹೋದ್ರೆ ಡಬಲ್ ಬ್ರಾಕೆಟ್ ([[ ]], ಬ್ಯಾಷ್‌ನಲ್ಲಿ ನಡೆಯುತ್ತೆ, ಡ್ಯಾಶ್‌ನಲ್ಲಿಲ್ಲ) ಇರೋ ಸ್ಕ್ರಿಪ್ಟ್‌ಗಳು ಒಡೆಯುತ್ವೆ, ಅವನ್ನ ಈಗ್ಲೇ ಸರಿಮಾಡ್ಬೇಕು. ಒಪ್ಪದವ್ರು ಯಾವ ಸ್ಕ್ರಿಪ್ಟ್‌ಗೆ ಪೈಥಾನ್ ಬೇಕೇಬೇಕು ಅಂತ ಹೆಸರು ಸಮೇತ ಇಲ್ಲೇ ಹಾಕಿ.